ಸೀತನಿ ಸುಡುವುದು: ಉರಿ ಬೇಡ, ಕೆಂಡ ಬೇಕು

ವಿಜಯಪುರ ಸೀಮೆಯ ಕಪ್ಪು ಮಣ್ಣಿನ ಎರಿ ಹೊಲದಲ್ಲಿ ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್ ಮೊದಲಿಗೋ ಬಿತ್ತಿದ ಹಿಂಗಾರಿ ಜೋಳ, ಎಳ್ಳಮಾವಾಸ್ಯೆಗೆ ಹೊಲಕ್ಕೆ ಎಡೆಯ ಚರಗ ಚೆಲ್ಲುವ ಹೊತ್ತಿಗೆ ಹಾಲು ತುಂಬಿಕೊಳ್ಳುತ್ತದೆ. ಅಲ್ಲಿಂದ ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯ ಆಸುಪಾಸಿನವರೆಗೆ ಸೀತನಿ, ಅಂದರೆ ಸುಟ್ಟು ತಿನ್ನುವ ಎಳೆ ಜೋಳದ ತೆನಿಯ ಕಾಲ. ಆದರೆ ಒಂದೊಂದು ಹೊಲಕ್ಕೆ ಸಿಗುವುದು ವಾರ, ಹೆಚ್ಚೆಂದರೆ ಹತ್ತು ದಿನ.

ಹದ ನೋಡಬೇಕಾದದ್ದು ಉಗುರಿನಿಂದ. ಒತ್ತಿದರೆ ನೀರು ಹಾಲು ಚಿಮ್ಮಿತೆಂದರೆ ಇನ್ನೂ ಎಳಸು. ಕೆಂಡಕ್ಕಿಟ್ಟರೆ ಕಾಳು ಮುರುಟಿ ಹೊಟ್ಟೇ ಉಳಿಯುತ್ತದೆ. ಉಗುರು ಇಳಿಯದಿದ್ದರೆ ಬಲಿತಿದೆ, ಸಿಹಿಯೆಲ್ಲ ಹಿಟ್ಟಾಗಿದೆ. ಒಳಗೆ ಬೆಣ್ಣೆಯಂತೆ ಮೆತ್ತಗಿದ್ದು ಹೊರಗೆ ಹಸಿರಿರುವ ಕಾಳೇ ಸರಿ. ಜೋಳದ ತೆನಿ ತುದಿಯಿಂದ ಕೆಳಕ್ಕೆ ಹೂ ಬಿಡುವುದರಿಂದ ತುದಿಯ ಕಾಳು ಮೊದಲು ಬಲಿಯುತ್ತದೆ. ಹೀಗಾಗಿ ತುದಿ ಒತ್ತಿ ನೋಡಿದವರು ಮೋಸ ಹೋಗುತ್ತಾರೆ, ನಡುವಿನ ಕಾಳನ್ನೇ ಒತ್ತಿ ನೋಡಿ. ಕಾಡಿಗೆ ರೋಗ ಬಿದ್ದ, ಅಂಟು ಜಿಗಿ ಹಿಡಿದ ತೆನಿ ಬಿಡಿ. ಇತ್ತೀಚೆಗೆ ಔಷಧ ಹೊಡೆದ ಹೊಲಕ್ಕಂತೂ ಕೈ ಹಾಕಬೇಡಿ. ಸಕ್ಕರಿ ಮುಕ್ಕರಿ ಜೋಳ ಸೀತನಿಗೆಂದೇ ಇರುವ ತಳಿ. ಮಾಲದಂಡಿಯೂ ನಡೆಯುತ್ತದೆ, ಸಿಹಿ ಕಡಿಮೆ.

ತೆನಿಯನ್ನು ಗೇಣುದ್ದ ದಂಟಿನ ಸಮೇತ ಕೊಯ್ಯಿರಿ, ಅದೇ ಹಿಡಿಕೆ. ಕೊಯ್ದ ಮೇಲೂ ಸಿಹಿ ಇಳಿಯುತ್ತಲೇ ಇರುತ್ತದೆ, ಆದ್ದರಿಂದ ಮುಂಜಾನೆ ಕೊಯ್ದದ್ದನ್ನು ಮಧ್ಯಾಹ್ನದೊಳಗೆ ಸುಡಬೇಕು. ತಲೆಗೆ ನಾಲ್ಕೈದು ತೆನಿ ಸಾಕು.

ಹತ್ತು ಮಂದಿಗೆ ಒಂದೂವರೆ ಅಡಿ ಅಗಲ, ಅರ್ಧ ಅಡಿ ಆಳದ ಕುಣಿ ತೋಡಿ. ಸುತ್ತ ಹತ್ತು ಅಡಿ ಒಣ ಎಲೆಯ ರವದಿ ಇರಕೂಡದು. ಇಪ್ಪತ್ತು-ಇಪ್ಪತ್ತೈದು ಸಗಣಿ ಕುಳ್ಳು ಬೇಕು, ಅವು ಮುರಿದರೆ ಟಕ್ಕೆನ್ನಬೇಕು. ಹಸಿ ಕುಳ್ಳಿನ ಹೊಗೆ ಕಾಳಿನಲ್ಲಿ ಕೂತರೆ ಚಟ್ನಿಯಿಂದಲೂ ಹೋಗುವುದಿಲ್ಲ. ತೊಗರಿ ಕಟಗಿಯಿಂದ ಹೊತ್ತಿಸಿ, ಸೀಮೆಎಣ್ಣೆ ಮುಟ್ಟಿಸಬೇಡಿ. ಉರಿ ಪೂರ್ತಿ ಸತ್ತು, ಹೊಗೆ ನಿಂತು, ಕೆಂಡದ ಮೇಲೆ ಬೂದಿಯ ತೆಳು ಪದರ ಬರುವವರೆಗೆ, ಅಂದರೆ ಹೆಚ್ಚುಕಡಿಮೆ ಮುಕ್ಕಾಲು ತಾಸು, ಕಾಯಬೇಕು. ಕೆಡುವುದೆಲ್ಲ ಈ ಅವಸರದಲ್ಲೇ. ಉರಿಯಲ್ಲಿಟ್ಟರೆ ಹೊಟ್ಟು ಸುಟ್ಟು ಕಾಳಿಗಂಟುತ್ತದೆ, ಒಳಗೆ ಹಸಿ ಉಳಿಯುತ್ತದೆ.

ಬಳಿಕ ದಂಟು ಹೊರಗಿಟ್ಟು ಐದಾರು ತೆನಿ ಕೆಂಡದಲ್ಲಿ ಹೂಳಿ, ಮೇಲೆ ಬಿಸಿ ಬೂದಿ ಎಳೆಯಿರಿ. ಒಂದೆರಡು ನಿಮಿಷಕ್ಕೊಮ್ಮೆ ಹೊರಳಿಸಿದರೆ ನಾಲ್ಕೈದು ನಿಮಿಷಕ್ಕೆ ಆಯಿತು. ಚಟಪಟ ಸದ್ದು ಜೋರಾದರೆ ಕೆಂಡ ಹೆಚ್ಚು ಬಿಸಿಯಿದೆ. ಎಲ್ಲ ತೆನಿ ಒಟ್ಟಿಗೆ ಹೂಳಿದರೆ ಕೆಂಡ ತಣ್ಣಗಾಗಿ ಯಾವುದೂ ಬೇಯುವುದಿಲ್ಲ.

ತೆನಿ ಜಾಡಿಸಿ, ಬಿಸಿಯಿರುವಾಗಲೇ ಗೋಣಿಚೀಲದ ಮೇಲೆ ತಿಕ್ಕಬೇಕು. ಆರಿದ ಮೇಲೆ ಹೊಟ್ಟು ಬಿಡುವುದಿಲ್ಲ. ಇದು ಕೈ ಗಟ್ಟಿಯಿರುವ ದೊಡ್ಡವರ ಕೆಲಸ. ಕುಳ್ಳು ಆರಿಸುವುದು, ಮೊರದಲ್ಲಿ ಕೇರಿದ ಹೊಟ್ಟನ್ನು ಊದುವುದು ಮೊದಲಿಂದಲೂ ಹುಡುಗರ ಪಾಲಿನದು. ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಕೆನೆ ಮೊಸರು, ಬೆಲ್ಲ, ಹಸಿ ಉಳ್ಳಾಗಡ್ಡಿ ಜೊತೆಗಿರಲಿ. ಹೊಟ್ಟೆ ಭಾರವಾಗುವ ತಿನಿಸು ಇದು. ಕೊನೆಗೊಂದು ಲೋಟ ಮಜ್ಜಿಗೆ ಕುಡಿಯಿರಿ.

ಕಡಲೆ ಗಿಡದ ಹಸಿ ಸುಲಗಾಯಿಗೆ ಲೆಕ್ಕ ತಿರುವುಮುರುವು. ಅದಕ್ಕೆ ಉರಿಯೇ ಬೇಕು: ಗಿಡವನ್ನೇ ಜೋಳದ ಒಣ ದಂಟಿನ ಕಣಕಿಯ ಉರಿಯಲ್ಲಿ ಎರಡು ನಿಮಿಷ ಆಡಿಸಿ, ಸಿಪ್ಪೆ ಕಪ್ಪಾದ ಕೂಡಲೇ ತೆಗೆಯಿರಿ.

ಕಾಲುವೆ ನೀರು ಬಂದ ಕಡೆ ಎರಿ ಹೊಲ ಕಬ್ಬಾಗಿದೆ, ಮನೆಗೊಂದು ಜೋಳದ ಹೊಲ ಈಗಿಲ್ಲ. ಸೀತನಿ ಈಗ ಊಟದ ತಟ್ಟೆಗಿಷ್ಟು ರೊಕ್ಕ ಅನ್ನುವ ಪಾರ್ಟಿಯೂ ಆಗಿದೆ. ತಪ್ಪೇನಿಲ್ಲ, ಆದರೆ ಅಲ್ಲಿ ಗ್ಯಾಸ್ ಬರ್ನರ್ ಮೇಲೆ ಸುಡುವುದನ್ನು ಒಪ್ಪಲಾಗದು. ಊರಲ್ಲಿ ಮಾಡಲೇಬೇಕೆಂದರೆ ಇದ್ದಿಲ ಒಲೆ ಹಚ್ಚಿ. ಅದೂ ಇಲ್ಲದಿದ್ದರೆ ಬಿಡಿಸಿದ ಹಸಿ ಕಾಳನ್ನು ಕಬ್ಬಿಣದ ಹಂಚಿನ ಮೇಲೆ ನಡು ಉರಿಯಲ್ಲಿ ಏಳೆಂಟು ನಿಮಿಷ ಕೈಯಾಡಿಸುತ್ತ ಹುರಿಯಿರಿ. ಕುಳ್ಳಿನ ವಾಸನೆ ಬರುವುದಿಲ್ಲ, ಸಿಹಿಯಾದರೂ ಉಳಿಯುತ್ತದೆ.

ಹೊಲ ಬಿಡುವ ಮುಂಚೆ ಕೆಂಡಕ್ಕೆ ಎರಡು ಕೊಡ ನೀರು ಸುರಿದು ಕೋಲಿನಿಂದ ಕೆದರಿ, ಮತ್ತೆ ಸುರಿದು ಮಣ್ಣು ಮುಚ್ಚಿ. ಬೂದಿಯೊಳಗಿನ ಕುಳ್ಳು ರಾತ್ರಿಯಿಡೀ ಜೀವ ಹಿಡಿದಿರುತ್ತದೆ. ಎರಿ ಭೂಮಿ ಆಗಲೇ ಬಿರುಕು ಬಿಟ್ಟಿದ್ದರೆ ಅಲ್ಲಿ ಬಿದ್ದ ಕೆಂಡ ಕಣ್ಣಿಗೂ ಬೀಳುವುದಿಲ್ಲ, ಬಿರುಕಿಗೂ ನೀರು ಬಿಡಿ. ಜೋಳ ಕೊಯ್ದ ಕೂಳೆ ಮತ್ತೆ ಚಿಗುರಿದರೆ ಆ ಎಳೆ ಚಿಗುರಿಗೆ ದನ ಬಿಡಬಾರದು. ಅದರಲ್ಲಿ ಸಯನೈಡ್ ವಿಷ ಇರುತ್ತದೆ.