ಹೊಸ ಆಪರೇಟರ್‌ಗೆ ಆದ್ಯತೆ ಎಲ್ಲಿ ಕೊಡಬೇಕು?

ಮೂಡಿಗೆರೆ ಕಡೆಯ ರೋಬಸ್ಟಾ ತೋಟವೊಂದರ ಸ್ಪ್ರಿಂಕ್ಲರ್ ಪಂಪಿಗೆ ನಿಯಮ ಬರೆಯುವ ಪುಟ್ಟ ಭಾಷೆಯೊಂದಿದೆ ಎನ್ನಿ. ಹೂಮಳೆ ಒಂದಿಂಚು ಆಗದಿದ್ದರೆ ಪಂಪ್ ಓಡಬೇಕು. ‘ನೀರು’ ಎಂದರೆ ಪಂಪ್ ಈಗಾಗಲೇ ಕೊಟ್ಟ ಇಂಚು. ತೋಟದ ರೈಟರ್ ಮಳೆ ಲೆಕ್ಕ ಬರೆಯದ ದಿನ ‘ಮಳೆ’ ಖಾಲಿ. ಅದಕ್ಕೆಂದು ?? ಸೇರಿಸುತ್ತಿದ್ದೀರಿ: ಎಡಗಡೆ ಖಾಲಿಯಿದ್ದರೆ ಬಲಗಡೆಯದು. ಬ್ರಾಕೆಟ್ ಇಲ್ಲದಾಗ ಯಾವ ಆಪರೇಟರ್ ಮೊದಲು ಗುಂಪು ಕಟ್ಟುತ್ತದೆ ಎಂಬುದೇ ಅದರ ಆದ್ಯತೆ.

ಪಾರ್ಸರ್ (ಸಾಲನ್ನು ಓದಿ ಬಿಡಿಸುವ ಭಾಗ) ಮುಟ್ಟುವ ಮೊದಲು, ಜನ ಬ್ರಾಕೆಟ್ ಇಲ್ಲದೆ ಬರೆಯಬಹುದಾದ ಹತ್ತಿಪ್ಪತ್ತು ಸಾಲು ಗುರುತುಹಾಕಿಕೊಂಡು, ಅವರ ಮನಸ್ಸಿನಲ್ಲಿರುವ ಬ್ರಾಕೆಟ್‌ಗಳನ್ನು ಪಕ್ಕದಲ್ಲಿ ಬರೆಯಿರಿ.

ಮಳೆ ?? 0 + ನೀರು < 1

ಬೇಕಾದದ್ದು ((ಮಳೆ ?? 0) + ನೀರು) < 1. ಜಾವಾಸ್ಕ್ರಿಪ್ಟ್, ಸಿ ಶಾರ್ಪ್‌ನಂತೆ ?? ಅನ್ನು ಹೋಲಿಕೆಗಿಂತ ಕೆಳಗಿಟ್ಟರೆ ಇದು ಮಳೆ ?? ((0 + ನೀರು) < 1) ಆಗುತ್ತದೆ. 1.2 ಇಂಚು ಮಳೆಯಾದ ದಿನ ಉತ್ತರ 1.2. ಸೊನ್ನೆಯಲ್ಲದ್ದೆಲ್ಲ ‘ಹೌದು’ ಎನ್ನುವ ಭಾಷೆಯಾದರೆ ಸುರಿಯುವ ಮಳೆಯಲ್ಲೇ ಪಂಪ್ ಓಡುತ್ತದೆ! ಕೋಟ್ಲಿನ್ (ಅಲ್ಲಿ ಬರೆಯುವುದು ?:), ಸ್ವಿಫ್ಟ್ ಇದನ್ನು ಹೋಲಿಕೆಗಿಂತ ಮೇಲೆ, ಸಂಕಲನಕ್ಕಿಂತ ಕೆಳಗೆ ಇಟ್ಟಿವೆ. ಆಗಲೂ ಮಳೆ 0.6, ನೀರು 0.5 ಇದ್ದರೆ ನೀರು ಲೆಕ್ಕಕ್ಕೇ ಬರದು, ಪಂಪ್ ಮತ್ತೆ ಓಡುತ್ತದೆ.

ಜಾಗ ಹುಡುಕುವಾಗ ಕೇಳಬೇಕಾದದ್ದು, ಎಡಗಡೆಯ ಖಾಲಿ ಎಲ್ಲಿ ಹುಟ್ಟುತ್ತದೆ ಎಂದು. ಕೂಡಿದರೆ, ಗುಣಿಸಿದರೆ ಹುಟ್ಟುವುದಿಲ್ಲ. ಹೆಸರಿನಿಂದಲೋ ಫಂಕ್ಷನ್ ಕರೆಯಿಂದಲೋ ಹುಟ್ಟುತ್ತದೆ. ಹಾಗಾಗಿ ನ್ಯಾಯವಾಗಿ ?? ಗುಣಾಕಾರಕ್ಕಿಂತಲೂ ಮೇಲಿರಬೇಕು. ಆದರೆ ಕೋಟ್ಲಿನ್ ಅಭ್ಯಾಸದವರು ಅದನ್ನೇ ಉಲ್ಟಾ ಓದುತ್ತಾರೆ. ಇಂಥಲ್ಲಿ ಊಹೆಗಿಳಿಯದೆ, ಬ್ರಾಕೆಟ್ ಇಲ್ಲದೆ ?? ಮತ್ತು + ಬೆರೆಸಿದರೆ ಎರರ್ ಕೊಡಿ. ಜಾವಾಸ್ಕ್ರಿಪ್ಟ್ ಕೂಡ 2020ರಲ್ಲಿ ?? ಸೇರಿಸಿದಾಗ ||, && (‘ಅಥವಾ’, ‘ಮತ್ತು’) ಜೊತೆ ಹಾಗೆಯೇ ಮಾಡಿತು. ಎರರ್ ಅನ್ನು ಮುಂದೆ ಸಡಿಲಿಸಿದರೆ ಯಾರ ಪ್ರೋಗ್ರಾಮೂ ಕೆಡುವುದಿಲ್ಲ, ಆದ್ಯತೆ ಬದಲಿಸಿದರೆ ಕೆಡುತ್ತದೆ. ಸಿ ಭಾಷೆಯಲ್ಲಿ & ಇಂದಿಗೂ == ಕೆಳಗೇ ಕೂತಿರುವುದು ಇದೇ ಕಾರಣಕ್ಕೆ: && ಬರುವ ಮೊದಲು ಆ ಕೆಲಸವನ್ನೂ & ಮಾಡುತ್ತಿತ್ತು, ಹಳೆಯ ಕೋಡ್ ಕೆಡಬಾರದೆಂದು ಅದನ್ನು ಮೇಲೇರಿಸಲಿಲ್ಲ.

ಪ್ರತಿ ಆಪರೇಟರ್‌ಗೂ ಒಂದು ಆದ್ಯತೆಯ ಅಂಕಿ ಕೊಟ್ಟು ಓದುವ ಪ್ರ್ಯಾಟ್ ಪಾರ್ಸರ್ ಆದರೆ ಅಂಕಿಗಳ ನಡುವೆ ಜಾಗ ಬಿಡಿ: || 10, && 20, < 30, + 40, * 50, ?? 60. ಸರಣಿಯಾಗಿ ಬರೆದ ?? ಬಲದಿಂದ ಗುಂಪಾಗಬೇಕಾದರೆ ಬಲಭಾಗವನ್ನು 59 ಮಿತಿಯಿಂದ ಓದಿಸಿ (ಮುಂದಿನ ಅಂಕಿ ಮಿತಿಗಿಂತ ದೊಡ್ಡದಿರುವವರೆಗೆ ಲೂಪ್ ನಡೆಯುತ್ತದೆಂದು ಇಟ್ಟುಕೊಂಡು). ಪಾರ್ಸರನ್ನು ತಾನೇ ಬರೆದುಕೊಡುವ ಬೈಸನ್ ಬಳಸುವವರು ಎಡವುವ ಜಾಗ ಬೇರೆ. ಅಲ್ಲಿ ಆಪರೇಟರ್‌ಗಳ ಪಟ್ಟಿಯಲ್ಲಿ ಕೆಳಗಿನ ಸಾಲಿಗೇ ಹೆಚ್ಚು ಆದ್ಯತೆ.

ಎರರ್ ಕೊಡಲು, ಪಾರ್ಸರ್ ಕಟ್ಟುವ ಟ್ರೀಯ ಪ್ರತಿ ನೋಡ್‌ನಲ್ಲಿ ‘ಬ್ರಾಕೆಟ್ ಇತ್ತು’ ಎಂಬ ಗುರುತು ಉಳಿಸಿಕೊಂಡು, + ನೋಡ್ ಕಟ್ಟುವಾಗ ಎಡ, ಬಲ ಎರಡೂ ಮಕ್ಕಳಲ್ಲಿ ಬ್ರಾಕೆಟ್ ಇಲ್ಲದ ?? ಇದೆಯೇ ಎಂದು ಪರೀಕ್ಷಿಸಿ. ಒಂದೇ ಕಡೆ ನೋಡಿದರೆ ಅರ್ಧ ತಪ್ಪಿಸಿಕೊಳ್ಳುತ್ತವೆ.

ಕೊನೆಗೆ ಈಗಾಗಲೇ ಇರುವ ನಿಯಮಗಳನ್ನೆಲ್ಲ ಹಳೆ ಮತ್ತು ಹೊಸ ಪಾರ್ಸರ್‌ನಲ್ಲಿ ಪೂರ್ತಿ ಬ್ರಾಕೆಟ್ ಸಹಿತ ಪ್ರಿಂಟ್ ಮಾಡಿಸಿ, ಡಿಫ್ ತೆಗೆಯಿರಿ. ಒಂದು ಸಾಲು ವ್ಯತ್ಯಾಸ ಬಂದರೂ ಬಿಡುಗಡೆ ಬೇಡ.