ಮಾಲಿಬು ಬಾಗಿಲಲ್ಲಿ ಒಂದು ಗಂಟೆ ಕಾದದ್ದು

ನಾನು ಹುಟ್ಟಿ ಬೆಳೆದದ್ದು ಗಂಗೊಳ್ಳಿ ಹತ್ತಿರ. ಅಳಿವೆ ದಾಟುವಾಗ ದೋಣಿಯವರು ಎಷ್ಟು ಹುಷಾರಾಗಿರುತ್ತಾರೆ ಅಂತ ಚಿಕ್ಕಂದಿನಿಂದ ನೋಡಿದ್ದೇನೆ. ಈಗ ವ್ಯಾಂಕೂವರ್‌ನಲ್ಲಿದ್ದೇನೆ. ಕಳೆದ ಜುಲೈಯಲ್ಲಿ ನಾವು ನಾಲ್ಕು ಜನ ಗೆಳೆಯರು ಹದಿನೆಂಟು ಅಡಿಯ ಅಲ್ಯೂಮಿನಿಯಂ ದೋಣಿಯಲ್ಲಿ ಪ್ರಿನ್ಸೆಸ್ ಲೂಯಿಸಾ ಇನ್ಲೆಟ್‌ಗೆ ಹೋಗಿ ಬಂದೆವು. ಇನ್ಲೆಟ್ ಅಂದರೆ ನೆಲದೊಳಕ್ಕೆ ಚಾಚಿದ ಕಡಲಿನ ಕಿರಿದಾದ ತೋಳು. ಹೋಗುವ ಆಸೆ ಇರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಹೊರಟದ್ದು ಎಗ್ಮಾಂಟ್ ಎಂಬ ಕಡಲತೀರದ ಸಣ್ಣ ಊರಿನಿಂದ. ಅಲ್ಲಿಂದ ಜರ್ವಿಸ್ ಇನ್ಲೆಟ್ ಹಿಡಿದು ಹೆಚ್ಚುಕಡಿಮೆ 55 ಕಿಲೋಮೀಟರ್ ಒಳಗೆ ಹೋಗಬೇಕು. ಎಗ್ಮಾಂಟ್ ಬಿಟ್ಟರೆ ಮುಂದೆ ಪೆಟ್ರೋಲ್ ಇಲ್ಲ. ಹೋಗೋಕೆ ಮೂರರಲ್ಲಿ ಒಂದು ಪಾಲು, ಬರೋಕೆ ಒಂದು ಪಾಲು, ಉಳಿದ ಪಾಲು ಆಪತ್ತಿಗೆ ಅಂತ ಲೆಕ್ಕ ಹಾಕಿ ತುಂಬಿಸಿಕೊಂಡೆವು. ಎರಡೂ ಕಡೆ ಗೋಡೆಯ ಹಾಗೆ ಬೆಟ್ಟ, ಕೆಳಗೆ ಕೆಲವು ಕಡೆ 600 ಮೀಟರ್‌ಗಿಂತ ಜಾಸ್ತಿ ಆಳ, ಹಾಗಾಗಿ ಸುಸ್ತಾಯ್ತು ಅಂತ ಎಲ್ಲೆಂದರಲ್ಲಿ ಲಂಗರು ಹಾಕೋಕೆ ಆಗುವುದಿಲ್ಲ. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಬೆಳಿಗ್ಗೆಯೇ ಹೊರಡಿ. ನೀರಲ್ಲಿ ಅರ್ಧ ಮುಳುಗಿ ತೇಲುವ ಮರದ ದಿಮ್ಮಿಗಳ ಮೇಲೆ ಒಬ್ಬರ ಕಣ್ಣು ಯಾವಾಗಲೂ ಇರಲಿ.

ಲೂಯಿಸಾದ ಬಾಗಿಲೇ ಮಾಲಿಬು ರ್‍ಯಾಪಿಡ್ಸ್. ಕಿರಿದಾದ, ಬಾಗಿದ ಸಂದು. ಒಳಗಿನ ಇಡೀ ಇನ್ಲೆಟ್ ಇದೊಂದೇ ಸಂದಿನಿಂದ ತುಂಬಬೇಕು, ಇದರಲ್ಲೇ ಖಾಲಿಯಾಗಬೇಕು. ನೀರು 9 ನಾಟ್, ಅಂದರೆ ಗಂಟೆಗೆ ಸುಮಾರು 17 ಕಿಲೋಮೀಟರ್ ವೇಗದವರೆಗೂ ಓಡುತ್ತದೆ. ಹೊರಗೆ ಭರತ ಪೂರ್ತಿ ಏರಿದ ತಕ್ಷಣ ಇಲ್ಲಿ ನೀರು ನಿಲ್ಲುವುದಿಲ್ಲ. ಒಳಗಿನ ಮಟ್ಟ ಇನ್ನೂ ಕೆಳಗೇ ಇರುತ್ತದೆ ಅಲ್ವಾ, ಎರಡೂ ಸಮ ಆಗುವವರೆಗೆ ನುಗ್ಗುತ್ತಲೇ ಇರುತ್ತದೆ. ಅದಕ್ಕೇ ವ್ಯಾಂಕೂವರ್ ಹತ್ತಿರದ ಪಾಯಿಂಟ್ ಅಟ್ಕಿನ್ಸನ್ ಎಂಬ ಜಾಗದ ಭರತದ ಹೊತ್ತಿಗೆ ಸುಮಾರು 25 ನಿಮಿಷ, ಇಳಿತದ ಹೊತ್ತಿಗೆ ಸುಮಾರು 35 ನಿಮಿಷ ಸೇರಿಸಿ ಲೆಕ್ಕ ಹಾಕುತ್ತಾರೆ. ಆ ನೀರು ನಿಂತ ಹೊತ್ತಿಗೆ ಸ್ಲ್ಯಾಕ್ ಅಂತ ಹೆಸರು. ನಮ್ಮಂಥ ಸಣ್ಣ ದೋಣಿ ದಾಟಬೇಕಾದದ್ದು ಆಗಲೇ. ಸೆಳೆತ ಕಡಿಮೆ ಇರಲಿ ಅಂತ ನಾವು ಬೇಕಂತಲೇ ಅಷ್ಟಮಿ ಹತ್ತಿರದ ದಿನ ಆರಿಸಿಕೊಂಡಿದ್ದೆವು.

ಇಷ್ಟೆಲ್ಲ ನೋಡಿಯೂ ನಾನು ತಪ್ಪು ಮಾಡಿದೆ. ಭರತ, ಇಳಿತದ ಹೊತ್ತು ಕೊಡುವ ಅಚ್ಚಾದ ಟೈಡ್ ಟೇಬಲ್ ಪುಸ್ತಕದಲ್ಲಿ ಬೇಸಿಗೆಗೆಂದು ಒಂದು ಗಂಟೆ ಮುಂದಿಟ್ಟ ಗಡಿಯಾರದ ಸಮಯ ಇರಲಿಲ್ಲ, ಆ ಒಂದು ಗಂಟೆ ಸೇರಿಸಬೇಕಿತ್ತು. ನಾನು 25 ನಿಮಿಷ ಸೇರಿಸಿದೆ, ಆ ಒಂದು ಗಂಟೆ ಮರೆತೆ. ಹತ್ತೂಕಾಲಿಗೆ ಬಾಗಿಲ ಮುಂದೆ ಇದ್ದೆವು. ನೋಡಿದರೆ ನೀರು ನುಣ್ಣಗೆ, ಎಣ್ಣೆ ಹೊಯ್ದ ಹಾಗೆ. "ನಿಂತೇ ಹೋಗಿದೆ, ನಡಿ" ಅಂದ ಚುಕ್ಕಾಣಿ ಹಿಡಿದವನು. ಆಗ ಬಂಡೆಯ ಬುಡದ ಪಾಚಿ ಕಣ್ಣಿಗೆ ಬಿತ್ತು. ಉದ್ದುದ್ದ ಎಳೆಗಳು ತಲೆ ಬಾಚಿದ ಹಾಗೆ ಎಲ್ಲವೂ ಒಳಮುಖವಾಗಿ ಬಿಗಿದು ಮಲಗಿದ್ದವು. ಅಷ್ಟರಲ್ಲಿ ನಮ್ಮ ಪಕ್ಕದಿಂದಲೇ ಒಂದು ದಿಮ್ಮಿ ಸದ್ದಿಲ್ಲದೆ ಹಾದುಹೋಯಿತು, ಸಂದಿನ ಬಾಯಲ್ಲಿ ಗಿರ್ ಅಂತ ಒಂದು ಸುತ್ತು ತಿರುಗಿ ಮಾಯವಾಯಿತು. "ಬೇಡ ಮಾರಾಯಾ, ತಿರುಗಿಸು!" ಅಂತ ಕೂಗಿದೆ.

ನೀರು ಓಡುವ ದಿಕ್ಕಿನಲ್ಲೇ ಹೋಗುತ್ತಿರುವಾಗ ನೊರೆ, ಸುಳಿ ಎಲ್ಲ ಆಚೆ ಬದಿಯಲ್ಲಿರುತ್ತವೆ, ಈಚೆಯಿಂದ ಕಾಣುವುದೇ ಇಲ್ಲ. ಇದನ್ನು ದಯವಿಟ್ಟು ನೆನಪಿಡಿ. ಲಂಗರು ಹಾಕುವ ಹಾಗಿಲ್ಲ, ಎಂಜಿನ್ ಸಣ್ಣಗೆ ಇಟ್ಟುಕೊಂಡು ದೂರದಲ್ಲೇ ಸುತ್ತು ಹಾಕುತ್ತಾ ಒಂದು ಗಂಟೆಗೂ ಮೇಲೆ ಕಾದೆವು. ಅವಲಕ್ಕಿ ತಿಂದೆವು, ಪಾಚಿ ನೋಡುತ್ತಾ ಕೂತೆವು. ಹನ್ನೊಂದೂವರೆ ಹೊತ್ತಿಗೆ ಎಳೆಗಳು ಸಡಿಲಾಗಿ ಸುಮ್ನೆ ತೂಗಾಡಲು ಶುರುಮಾಡಿದವು. ತಿರುವಿನ ಆಚೆ ಯಾರು ಬರುತ್ತಿದ್ದಾರೆ ಗೊತ್ತಾಗದ ಜಾಗ ಅದು. ರೇಡಿಯೋದ 16ನೇ ಚಾನೆಲ್‌ನಲ್ಲಿ "ನಾವು ಒಳಗೆ ಬರುತ್ತಿದ್ದೇವೆ" ಅಂತ ಹೇಳಿ, ಉತ್ತರ ಬರುತ್ತಾ ಅಂತ ಕೇಳಿಸಿಕೊಂಡು, ಮೆಲ್ಲಗೆ ದಾಟಿದೆವು. ಎರಡೇ ನಿಮಿಷದ ಕೆಲಸ.

ಒಳಗೆ ಕಡಲು ಅನ್ನಿಸುವುದೇ ಇಲ್ಲ, ದೇವಸ್ಥಾನದ ಕೆರೆಯಷ್ಟು ಶಾಂತ. ತುದಿಯಲ್ಲಿ ಸುಮಾರು 40 ಮೀಟರ್ ಎತ್ತರದ ಚಾಟರ್‌ಬಾಕ್ಸ್ ಜಲಪಾತ, ಹತ್ತಿರದಲ್ಲೇ ದೋಣಿ ಕಟ್ಟುವ ಕಟ್ಟೆ. ಈ ಜಾಗ ಮೊದಲು ಜೇಮ್ಸ್ ಮ್ಯಾಕ್‌ಡೊನಾಲ್ಡ್ ಎಂಬವರ ಸ್ವಂತದ್ದು. ಒಬ್ಬರ ಪಾಲಾಗದೆ ದೋಣಿಯಲ್ಲಿ ಬರುವವರೆಲ್ಲರಿಗೂ ಸೇರಲಿ ಅಂತ 1953ರಲ್ಲಿ ಬಿಟ್ಟುಕೊಟ್ಟರು. ಎರಡು ರಾತ್ರಿ ಅಲ್ಲೇ ಇದ್ದೆವು, ಅವರನ್ನು ಎಷ್ಟು ಸಲ ನೆನೆದೆವೋ.

ವಾಪಸ್ ಬಂದಮೇಲೆ ಎಗ್ಮಾಂಟ್‌ನಿಂದ ನಡೆದು ಹೋಗಿ ಸ್ಕೂಕಮ್‌ಚಕ್ ಎಂಬ ಇಂಥದೇ ಇನ್ನೊಂದು ಸಂದು ನೋಡಿದೆವು. ಈ ಕರಾವಳಿಯ ಹಳೆಯ ವ್ಯಾಪಾರದ ಭಾಷೆಯಾದ ಚಿನೂಕ್ ಮಾತಿನಲ್ಲಿ ಸ್ಕೂಕಮ್ ಅಂದರೆ ಬಲವಾದದ್ದು, ಚಕ್ ಅಂದರೆ ನೀರು. ನೀರು ಜೋರಿರುವ ಹುಣ್ಣಿಮೆ, ಅಮಾವಾಸ್ಯೆ ದಿನಗಳಲ್ಲಿ ಅಲ್ಲಿ ಸೆಳೆತ 16 ನಾಟ್ ದಾಟುವುದುಂಟು, ಸಂದಿನ ಈ ಬದಿಗೂ ಆ ಬದಿಗೂ ನೀರಿನ ಮಟ್ಟದಲ್ಲಿ 2 ಮೀಟರ್ ವ್ಯತ್ಯಾಸ ಬರುತ್ತದೆ. ನಾವು ಹೋದ ದಿನ ಅಷ್ಟಿರಲಿಲ್ಲ. ಆದರೂ ದಡದ ಬಂಡೆ ಮೇಲೆ ಕೂತವನಿಗೆ ಪಕ್ಕದವನ ಮಾತು ಕೇಳಿಸಲಿಲ್ಲ. ಈ ಸಲ ಎದುರುಗಡೆಯಿಂದ ನೋಡುತ್ತಿದ್ದೆ. ಮಾಲಿಬುವಿನಲ್ಲಿ ಆ ದಿಮ್ಮಿ ಎಂಥದರೊಳಗೆ ಹೋಗಿತ್ತು ಅಂತ ಆಗ ಕಂಡಿತು.