ಬಿಪಿ ಇರುವ ಗರ್ಭಿಣಿಗೆ ನೋವು ಬರಿಸೋದು: ನನ್ನ ಅನುಭವ

ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನಾನು ಡಾಕ್ಟರ್. ನಾಗಮಂಗಲ, ಮಳವಳ್ಳಿ, ಕೆ.ಆರ್. ಪೇಟೆ ಕಡೆಯಿಂದ ತಾಯಿ ಕಾರ್ಡ್ ಹಿಡಿದು ಬರುತ್ತಾರೆ. ಬಿಪಿ ಜಾಸ್ತಿ ಇದೆ ಅಂದ ಕೂಡಲೇ ಮನೆಯವರ ಮಾತು ಒಂದೇ: "ಕುಯ್ದು ತೆಗೆದುಬಿಡಿ ಡಾಕ್ಟ್ರೇ, ಯಾಕೆ ರಿಸ್ಕು?"

ಬರೀ ಬಿಪಿಗೋಸ್ಕರ ಸಿಸೇರಿಯನ್ ಬೇಕಾಗಿಲ್ಲ. ಮಗುವಿನ ತಲೆ ಕೆಳಗಿದ್ದು, ಎದೆಬಡಿತ ಸರಿ ಇದ್ದರೆ ನಾನು ಮೊದಲು ನೋವು ಬರಿಸಿ ನೋಡುತ್ತೇನೆ. ಬಿಪಿ 140/90 ದಾಟಿ ಮೂತ್ರದಲ್ಲಿ ಪ್ರೋಟೀನ್ ಇದ್ದರೆ, 37 ವಾರ ತುಂಬಿದ ಮೇಲೆ ಕಾಯುವುದಿಲ್ಲ. 160/110 ಮುಟ್ಟಿದರೆ ಮೊದಲು ಲ್ಯಾಬೆಟಲಾಲ್ ಅಥವಾ ನಿಫೆಡಿಪಿನ್ ಕೊಟ್ಟು ಇಳಿಸಬೇಕು. ಫಿಟ್ಸ್ ಬರದಂತೆ ಮೆಗ್ನೀಷಿಯಂ ಸಲ್ಫೇಟ್. ಈ ಇಂಜೆಕ್ಷನ್ ಹೋಗುವಾಗ ಮೈಯೆಲ್ಲ ಬಿಸಿ ಏರುತ್ತದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಗಾಬರಿಯಾಗುತ್ತಾರೆ. ಆಮೇಲೆ ಔಷಧಿ ಮೈಯಲ್ಲಿ ಜಾಸ್ತಿ ಆಗಿಲ್ಲ ತಾನೇ ಅಂತ ಮಂಡಿ ತಟ್ಟಿ ನೋಡುವುದು, ಉಸಿರು ಎಣಿಸುವುದು, ಮೂತ್ರ ಅಳೆಯುವುದು ನರ್ಸ್‌ಗಳ ಕೆಲಸ. ನಿಜ ಹೇಳಬೇಕಂದ್ರೆ ಅರ್ಧ ಚಿಕಿತ್ಸೆ ಅಲ್ಲೇ ಇದೆ.

ಗರ್ಭಕೋಶದ ಬಾಯಿ ಇನ್ನೂ ಗಟ್ಟಿಯಾಗಿ ಮುಚ್ಚಿದ್ದರೆ ನನ್ನ ಆಯ್ಕೆ ಮಿಸೋಪ್ರೋಸ್ಟಾಲ್, ಅಂದರೆ ಆ ಬಾಯಿಯನ್ನು ಮೆತ್ತಗೆ ಮಾಡಿ ನೋವು ಬರಿಸುವ ಮಾತ್ರೆ. 25 ಮೈಕ್ರೋಗ್ರಾಂ, ನುಂಗಲು, 2 ಗಂಟೆಗೊಮ್ಮೆ. ಸಣ್ಣ ಮಾತ್ರೆ ಸ್ಟಾಕ್ ಇಲ್ಲದಿದ್ದರೆ 200 ಮೈಕ್ರೋಗ್ರಾಂ ಮಾತ್ರೆಯನ್ನು 200 ಮಿಲಿ ನೀರಿನಲ್ಲಿ ಕರಗಿಸಿ, ಪ್ರತಿ ಸಲ ಚೆನ್ನಾಗಿ ಕಲಕಿ, 25 ಮಿಲಿ ಅಳೆದು ಕುಡಿಸುತ್ತೇವೆ. ಬ್ಲೇಡಿನಲ್ಲಿ ಎಂಟು ಚೂರು ಮಾಡುವುದು ನನಗೆ ಆಗಿಬರುವುದಿಲ್ಲ. ಚೂರುಗಳು ಯಾವತ್ತೂ ಸಮ ಬರುವುದಿಲ್ಲ. ಉಳಿದ ನೀರು 24 ಗಂಟೆ ಆದ ಮೇಲೆ ಮೋರಿಗೆ. ನೋವು ಚೆನ್ನಾಗಿ ಹಿಡಿಯಿತು ಅಂದರೆ ಮುಂದಿನ ಡೋಸ್ ಇಲ್ಲ. ಹಿಂದೆ ಸಿಸೇರಿಯನ್ ಆಗಿದ್ದರೆ ಈ ಮಾತ್ರೆ ಮುಟ್ಟುವುದೇ ಇಲ್ಲ, ಗರ್ಭಕೋಶದ ಹಳೇ ಹೊಲಿಗೆ ಬಿಟ್ಟುಕೊಳ್ಳಬಹುದು. ಹೇಳಲೇಬೇಕು: ಇದೆಲ್ಲ ಆಸ್ಪತ್ರೆಯಲ್ಲಿ, ಆಪರೇಷನ್ ಥಿಯೇಟರ್ ಹತ್ತಿರ ಇದ್ದಾಗ ಮಾತ್ರ.

ಮಾತ್ರೆ ಬದಲು ಫೋಲಿ ಕ್ಯಾತಿಟರ್ ಬಲೂನು, ಅಂದರೆ ತುದಿಯಲ್ಲಿ ಉಬ್ಬುವ ಬಲೂನಿರುವ ಕೊಳವೆಯನ್ನು ಗರ್ಭಕೋಶದ ಬಾಯಿಯೊಳಗೆ ಹಾಕುವವರೂ ಇದ್ದಾರೆ. ನಾಗಪುರದ ಎರಡು ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಪಿ ಇದ್ದ 602 ಗರ್ಭಿಣಿಯರ ಮೇಲೆ ಎರಡನ್ನೂ ಹೋಲಿಸಿ ನೋಡಿದರು. 2017ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 24 ಗಂಟೆಯೊಳಗೆ ನಾರ್ಮಲ್ ಹೆರಿಗೆ ಆದವರು ಮಾತ್ರೆಯಲ್ಲಿ ಶೇ. 57, ಬಲೂನಿನಲ್ಲಿ ಶೇ. 47. ಅಂದರೆ ಮಾತ್ರೆ ಕೊಟ್ಟರೂ ಸುಮಾರು ಜನಕ್ಕೆ ಒಂದು ದಿನದಲ್ಲಿ ಹೆರಿಗೆ ಆಗಲ್ಲ, ಅಲ್ವಾ? ಅದಕ್ಕೇ ಅತ್ತೆಯನ್ನೂ ಕೂರಿಸಿಕೊಂಡು ಮೊದಲೇ ಹೇಳುತ್ತೇನೆ: "ನಾಳೆಯೂ ಆಗಬಹುದು. ಕೊನೆಗೆ ಆಪರೇಷನ್ನೂ ಬೇಕಾಗಬಹುದು." ಇಷ್ಟು ಹೇಳಿದ್ದರೆ ರಾತ್ರಿ ಎರಡು ಗಂಟೆಗೆ ಬಾಗಿಲ ಹತ್ತಿರ ಜಗಳ ಇರಲ್ಲ.

ಮಗು ಹುಟ್ಟಿದ ಮೇಲೆ ರಕ್ತಸ್ರಾವ ತಡೆಯಲು ಆಕ್ಸಿಟೋಸಿನ್ 10 ಯೂನಿಟ್. ರಕ್ತಸ್ರಾವಕ್ಕೇ ಕೊಡುವ ಇನ್ನೊಂದು ಔಷಧಿ ಮೆಥರ್ಜಿನ್ ಬೇಡ, ಅದು ಬಿಪಿ ಏರಿಸುತ್ತದೆ. ಹೆರಿಗೆಯಾಗಿ 3ರಿಂದ 6 ದಿನದೊಳಗೆ ಬಿಪಿ ಮತ್ತೆ ಏರುವುದುಂಟು, ಅಷ್ಟರಲ್ಲಿ ಬಾಣಂತಿ ಮನೆ ಸೇರಿರುತ್ತಾಳೆ. ಡಿಸ್ಚಾರ್ಜ್ ದಿನವೇ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಹೋಗುತ್ತದೆ: ಬಿಪಿ ನೋಡಿ, ತಲೆನೋವು, ಕಣ್ಣು ಮಂಜು ಇದ್ದರೆ ಕೂಡಲೇ ಕಳಿಸಿ, ಬಿಪಿ ಮಾತ್ರೆ ಉಷ್ಣ ಅಂತ ಮನೆಯಲ್ಲಿ ಯಾರಾದರೂ ನಿಲ್ಲಿಸಿದ್ದಾರಾ ಅದನ್ನೂ ಕೇಳಿ.